ಹೊಸ ಕ್ಯಾಮೆರಾದ ರಾ ಫೈಲ್ ತೆರೆಯುತ್ತಿಲ್ಲವೇ? ಯಾರಿಗೆ ಯಾವ ದಾರಿ

ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನೆರಡು ವಾರ ಇದ್ದಾಗ ನಮ್ಮ ಭಾವ ಹೊಸ ಕ್ಯಾಮೆರಾ ತಗೊಂಡರು. ಕ್ಯಾನನ್ ಆರ್10. ಅದಕ್ಕೂ ಮೊದಲು ಅವರ ಬಳಿ ಇದ್ದದ್ದು 700ಡಿ. ಕೊಂಡ ಮಾರನೇ ದಿನವೇ ಯಕ್ಷಗಾನದ ಆಟಕ್ಕೆ ಹೋಗಿ, ರಾತ್ರಿಯಿಡೀ ಕೂತು, ಆರುನೂರು ಫೋಟೋ ತೆಗೆದರು. ಎಲ್ಲವೂ ರಾ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟ ಕಚ್ಚಾ ಫೈಲ್. ಬೆಳಿಗ್ಗೆ ನನಗೆ ಫೋನ್ ಬಂತು: "ಮಾರಾಯ, ಒಂದೂ ಓಪನ್ ಆಗ್ತಾ ಇಲ್ಲ. ಕಾರ್ಡೇ ಹಾಳಾಗಿದೆ ಅಂತಾನೆ ಅಂಗಡಿಯವ."

ಕಾರ್ಡಿಗೆ ಏನೂ ಆಗಿರಲಿಲ್ಲ. ಕ್ಯಾಮೆರಾದ ಪರದೆಯಲ್ಲಿ ಎಲ್ಲ ಫೋಟೋಗಳೂ ಚೆನ್ನಾಗಿಯೇ ಕಾಣುತ್ತಿದ್ದವು. ತೊಡಕು ಇದ್ದದ್ದು ಭಾವನ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿ ಲೈಟ್‌ರೂಂ 6 ಇತ್ತು, ಫೋಟೋ ತಿದ್ದಿ ಜೋಡಿಸಿಡಲು ಅಡೋಬಿ ಕಂಪನಿ ಮಾಡಿದ ತಂತ್ರಾಂಶ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಲೈಟ್‌ರೂಂ ಅದು. ಬಂದದ್ದು 2015ರಲ್ಲಿ, ಕೊನೆಯ ಅಪ್‌ಡೇಟ್ ಸಿಕ್ಕಿದ್ದು 2017ರ ಡಿಸೆಂಬರಿನಲ್ಲಿ. ಕ್ಯಾನನ್ ಕಂಪನಿ ಸಿಆರ್3 ಎಂಬ ಹೊಸ ಬಗೆಯ ಫೈಲನ್ನು ತಂದದ್ದು 2018ರಲ್ಲಿ, ಎಂ50 ಕ್ಯಾಮೆರಾದ ಜೊತೆ. ತಾನು ನಿಂತ ಮೇಲೆ ಹುಟ್ಟಿದ ಫೈಲನ್ನು ಆ ಲೈಟ್‌ರೂಂ ಗುರುತಿಸುವುದಾದರೂ ಹೇಗೆ?

ರಾ ಅನ್ನುವುದು ಜೆಪೆಗ್‌ನ ಹಾಗೆ ಒಂದೇ ಬಗೆಯ ಫೈಲ್ ಅಲ್ಲ. ಕ್ಯಾನನ್‌ನದು ಸಿಆರ್2, ಸಿಆರ್3. ನಿಕಾನ್‌ನದು ಎನ್‌ಇಎಫ್. ಸೋನಿಯದು ಎಆರ್‌ಡಬ್ಲ್ಯು. ಫ್ಯೂಜಿಯದು ಆರ್‌ಎಎಫ್. ಹೆಸರು ಒಂದೇ ಇದ್ದರೂ ಒಳಗಿನ ವಿವರ ಮಾದರಿಯಿಂದ ಮಾದರಿಗೆ ಬೇರೆ. ಆ ಸೆನ್ಸರ್ ಬಣ್ಣವನ್ನು ಹೇಗೆ ಹಿಡಿಯುತ್ತದೆ, ಕಪ್ಪು ಎಲ್ಲಿ ಶುರು, ಬಿಳಿ ಎಲ್ಲಿ ಮುಗಿಯುತ್ತದೆ ಅನ್ನುವುದನ್ನೆಲ್ಲ ತಂತ್ರಾಂಶಕ್ಕೆ ಮೊದಲೇ ಹೇಳಿಕೊಟ್ಟಿರಬೇಕು. ಹಾಗಾಗಿ ಸಿಆರ್3 ಫೈಲಿನ ಹೆಸರನ್ನು ಸಿಆರ್2 ಎಂದು ಬದಲಿಸಿದರೆ ಏನೂ ಆಗುವುದಿಲ್ಲ. ಭಾವ ಅದನ್ನೂ ಮಾಡಿ ನೋಡಿದ್ದರು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್ ಬೆಸ್ಟ್?" ಅಂತ. ನಾನು ಅದಕ್ಕೆ ಉತ್ತರ ಹೇಳುವುದಿಲ್ಲ, ತಿರುಗಿ ಕೇಳುತ್ತೇನೆ: ನಿಮಗೆ ಆ ಫೋಟೋ ನೋಡಿದರೆ ಸಾಕಾ? ಇವತ್ತೇ ಯಾರಿಗಾದರೂ ಕಳಿಸಬೇಕಾ? ಕೂತು ತಿದ್ದಬೇಕಾ? ಅಥವಾ ಹಳೆಯ ಲೈಟ್‌ರೂಂನಲ್ಲಿ ಕೂಡಿಟ್ಟ ಹತ್ತು ವರ್ಷದ ಫೋಟೋಗಳ ಜೊತೆಯಲ್ಲೇ ಇವೂ ಕೂರಬೇಕಾ? ಒಂದೊಂದಕ್ಕೂ ದಾರಿ ಬೇರೆ. ಹೆಚ್ಚಿನ ದಾರಿಗಳಿಗೆ ಒಂದು ಪೈಸೆಯೂ ಖರ್ಚಿಲ್ಲ.

ಅವಸರವಿದ್ದರೆ: ಏನನ್ನೂ ಇನ್‌ಸ್ಟಾಲ್ ಮಾಡಬೇಡಿ

ಕ್ಯಾಮೆರಾದಲ್ಲೇ ರಾ ಫೈಲನ್ನು ಜೆಪೆಗ್ ಮಾಡಬಹುದು. ಕ್ಯಾನನ್‌ನ ಹೊಸ ಕ್ಯಾಮೆರಾಗಳಲ್ಲಿ ಫೋಟೋ ನೋಡುವ ಮೆನುವಿನಲ್ಲೇ ರಾ ಪ್ರೊಸೆಸಿಂಗ್ ಎಂದು ಇರುತ್ತದೆ. ನಿಕಾನ್, ಫ್ಯೂಜಿಯಲ್ಲೂ ಇದೆ. ಸೋನಿಯ ಬಹುತೇಕ ಮಾದರಿಗಳಲ್ಲಿ ಇಲ್ಲ. ಬೆಳಕು, ವೈಟ್ ಬ್ಯಾಲೆನ್ಸ್ ಸ್ವಲ್ಪ ಸರಿ ಮಾಡಿ ಅಲ್ಲೇ ಜೆಪೆಗ್ ಉಳಿಸಿ, ಫೋನಿಗೆ ಕಳಿಸಿದರಾಯಿತು. ಹತ್ತು ಫೋಟೋಕ್ಕೆ ಇದು ಸಾಕು. ಆರುನೂರಕ್ಕೆ ಕೂತರೆ ಬ್ಯಾಟರಿಯೂ ಮುಗಿಯುತ್ತದೆ, ತಾಳ್ಮೆಯೂ ಮುಗಿಯುತ್ತದೆ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಹೆಚ್ಚುಕಡಿಮೆ ಪ್ರತಿ ರಾ ಫೈಲಿನ ಹೊಟ್ಟೆಯಲ್ಲೂ ಒಂದು ಜೆಪೆಗ್ ಇರುತ್ತದೆ. ಕ್ಯಾಮೆರಾದ ಪರದೆಯಲ್ಲಿ ನೀವು ನೋಡುವುದು ಅದನ್ನೇ. ಫಾಸ್ಟ್‌ಸ್ಟೋನ್, ಎಕ್ಸ್‌ಎನ್‌ವ್ಯೂ ತರಹದ ಸಣ್ಣ ತಂತ್ರಾಂಶಗಳು ಫೋಟೋಗಳನ್ನು ಸರಸರ ತೋರಿಸುವುದು ಅದರಿಂದಲೇ. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸಿ ಇಡೀ ಫೋಲ್ಡರಿನ ಜೆಪೆಗ್‌ಗಳನ್ನು ಒಟ್ಟಿಗೇ ಹೊರಗೆ ತೆಗೆಯಲೂಬಹುದು. ಕ್ಯಾನನ್, ನಿಕಾನ್ ಫೈಲುಗಳಲ್ಲಿ ಸಾಮಾನ್ಯವಾಗಿ ಪೂರ್ತಿ ಅಳತೆಯ ಜೆಪೆಗ್ ಸಿಗುತ್ತದೆ. ಹಳೆಯ ಸೋನಿ ಕ್ಯಾಮೆರಾಗಳದ್ದು ಬರೀ 1616×1080. ವಾಟ್ಸಾಪಿಗೆ ಓಕೆ, ಗೋಡೆಗೆ ಹಾಕಲು ಆಗದು.

ಸುಮ್ನೆ ನೋಡಿದರೆ ಸಾಕು ಅನ್ನುವವರಿಗೆ ವಿಂಡೋಸ್ 10, 11ರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನಿಂದ ರಾ ಇಮೇಜ್ ಎಕ್ಸ್‌ಟೆನ್ಷನ್ ಉಚಿತವಾಗಿ ಹಾಕಿಕೊಳ್ಳಬಹುದು. ಮ್ಯಾಕ್‌ನಲ್ಲಿ ರಾ ಓದುವ ಶಕ್ತಿ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇದೆ. ಆದರೆ ಮ್ಯಾಕ್ ಹಳೆಯದಾದರೆ ಹೊಸ ಕ್ಯಾಮೆರಾದ ಪರಿಚಯ ಅದಕ್ಕೆ ಇರುವುದಿಲ್ಲ.

ಕ್ಯಾಮೆರಾ ಕಂಪನಿಯದೇ ತಂತ್ರಾಂಶ

ನನ್ನ ಕೇಳಿದರೆ ಮೊದಲು ಹಾಕಿಕೊಳ್ಳಬೇಕಾದ್ದು ಇದನ್ನೇ. ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ಎಲ್ಲರೂ ಡಿಪಿಪಿ ಅನ್ನುತ್ತಾರೆ. ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೋ, 2021ರಲ್ಲಿ ಬಂದದ್ದು. ಸೋನಿಗೆ ಇಮೇಜಿಂಗ್ ಎಡ್ಜ್ ಡೆಸ್ಕ್‌ಟಾಪ್. ಮೂರೂ ಉಚಿತ. ಡಿಪಿಪಿ ಇಳಿಸಿಕೊಳ್ಳುವಾಗ ಕ್ಯಾಮೆರಾದ ಸೀರಿಯಲ್ ನಂಬರ್ ಕೇಳಬಹುದು. ಅದು ಕ್ಯಾಮೆರಾದ ಮೇಲೆಯೇ ಇರುತ್ತದೆ, ಬಾಕ್ಸ್ ಹುಡುಕಲು ಅಟ್ಟ ಹತ್ತಬೇಕಾಗಿಲ್ಲ.

ಇದರ ದೊಡ್ಡ ಲಾಭ ಬಣ್ಣ. ಕ್ಯಾಮೆರಾದ ಪರದೆಯಲ್ಲಿ ಕಂಡ ಹಾಗೆಯೇ ಫೋಟೋ ತೆರೆಯುತ್ತದೆ. ಕ್ಯಾಮೆರಾದಲ್ಲಿ ಇಟ್ಟ ಪಿಕ್ಚರ್ ಸ್ಟೈಲ್ ಎಂಬ ಬಣ್ಣದ ಸೆಟ್ಟಿಂಗುಗಳನ್ನೆಲ್ಲ ಅದು ಓದುತ್ತದೆ. ಬೇರೆ ಕಂಪನಿಯ ತಂತ್ರಾಂಶಗಳು ಇದನ್ನು ಹೆಚ್ಚುಕಡಿಮೆ ಅನುಕರಿಸುತ್ತವೆ ಅಷ್ಟೆ.

ಎರಡನೇ ಲಾಭ ಲೆನ್ಸ್. ಈಗಿನ ಮಿರರ್‌ಲೆಸ್ ಕಿಟ್ ಲೆನ್ಸುಗಳು ಸಣ್ಣಗೆ, ಹಗುರವಾಗಿ ಇರಬೇಕು. ಅದಕ್ಕಾಗಿ ಚಿತ್ರದ ಬಾಗುವಿಕೆಯನ್ನು ತಿದ್ದುವ ಕೆಲಸವನ್ನು ತಂತ್ರಾಂಶಕ್ಕೆ ಬಿಟ್ಟಿರುತ್ತಾರೆ. ಕ್ಯಾನನ್‌ನ 18-45 ಲೆನ್ಸಿನ ಫೋಟೋವನ್ನು ತಿದ್ದದೆ ನೋಡಿದರೆ ರಂಗಸ್ಥಳದ ಕಂಬಗಳು ಹೊಟ್ಟೆ ಬಿಟ್ಟ ಹಾಗೆ ಹೊರಕ್ಕೆ ಬಾಗಿರುತ್ತವೆ. ಡಿಪಿಪಿಗೆ ತನ್ನ ಮನೆಯ ಲೆನ್ಸುಗಳೆಲ್ಲ ಗೊತ್ತು. ತಾನೇ ನೆಟ್ಟಗೆ ಮಾಡಿಕೊಳ್ಳುತ್ತದೆ.

ಕೊರತೆ ಏನು? ನಿಧಾನ. ಒಂದು ಫೋಟೋ ಕ್ಲಿಕ್ಕಿಸಿ, ಅದು ಸ್ಪಷ್ಟವಾಗುವವರೆಗೆ ಕಾಯಬೇಕು. ಫೋಟೋದ ಒಂದು ಭಾಗವನ್ನು ಮಾತ್ರ ತಿದ್ದುವ ಸೌಕರ್ಯ ಕಡಿಮೆ. ತಿದ್ದುಪಡಿಗಳನ್ನು ಎಲ್ಲಿ ಬರೆದಿಡುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ಡಿಪಿಪಿಯಲ್ಲಿ ಸೇವ್ ಕೊಟ್ಟರೆ ಅದು ರಾ ಫೈಲಿನೊಳಗೇ ಸೇರುತ್ತದೆ. ಮೂಲ ಚಿತ್ರ ಕೆಡುವುದಿಲ್ಲ, ಬೇಕಾದಾಗ ವಾಪಸ್ ಹೋಗಬಹುದು. ಎನ್‌ಎಕ್ಸ್ ಸ್ಟುಡಿಯೋ ಪಕ್ಕದಲ್ಲಿ ಒಂದು ಸಣ್ಣ ಫೋಲ್ಡರ್ ಮಾಡಿ ಅದರಲ್ಲಿ ಇಡುತ್ತದೆ. ಫೋಟೋ ಬೇರೆ ಕಡೆ ಸಾಗಿಸುವಾಗ ಆ ಫೋಲ್ಡರನ್ನು "ಇದೇನಪ್ಪಾ ಕಸ" ಎಂದು ಅಳಿಸಿದರೆ ಮಾಡಿದ ಕೆಲಸವೆಲ್ಲ ಹೋಯಿತು.

ಫ್ಯೂಜಿಯದು ಒಂದು ತಮಾಷೆಯ ಏರ್ಪಾಡು. ಎಕ್ಸ್ ರಾ ಸ್ಟುಡಿಯೋ ಬಳಸಲು ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಬೇಕು. ಕೆಲಸ ಮಾಡುವುದು ಕ್ಯಾಮೆರಾದ ಒಳಗಿನ ಚಿಪ್, ಕಂಪ್ಯೂಟರ್ ಬರೀ ಪರದೆ. ಹಾಗಾಗಿ ಹಳೆಯ ಲ್ಯಾಪ್‌ಟಾಪಿನಲ್ಲೂ ಚುರುಕಾಗಿ ಓಡುತ್ತದೆ, ಬಣ್ಣ ಕ್ಯಾಮೆರಾದ ಜೆಪೆಗ್‌ನದೇ. ಆದರೆ ಅದೇ ಮಾದರಿಯ ಕ್ಯಾಮೆರಾ ಕೈಯಲ್ಲಿರಬೇಕು. ಗೆಳೆಯನ ಬೇರೆ ಫ್ಯೂಜಿಯಲ್ಲಿ ತೆಗೆದದ್ದು ನಡೆಯುವುದಿಲ್ಲ.

ಹಳೆಯ ಲೈಟ್‌ರೂಂ ಬಿಡಲು ಮನಸ್ಸಿಲ್ಲದವರಿಗೆ ಡಿಎನ್‌ಜಿ

ಭಾವನ ನಿಜವಾದ ಸಮಸ್ಯೆಗೆ ಮದ್ದು ಇದ್ದದ್ದು ಇಲ್ಲಿ. ಡಿಎನ್‌ಜಿ ಅಂದರೆ ಅಡೋಬಿ 2004ರಲ್ಲಿ ತಂದ, ಎಲ್ಲರಿಗೂ ತೆರೆದಿಟ್ಟ ರಾ ಮಾದರಿ. ಪೆಂಟಾಕ್ಸ್, ಲೈಕಾ ಕ್ಯಾಮೆರಾಗಳು ನೇರವಾಗಿ ಇದರಲ್ಲೇ ಉಳಿಸಬಲ್ಲವು. ಫೋನಿನ ರಾ ಕೂಡ ಸಾಮಾನ್ಯವಾಗಿ ಇದೇ. ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಉಚಿತ, ತಿಂಗಳ ಚಂದಾ ಬೇಡ. ಹೊಸ ಕ್ಯಾಮೆರಾದ ಫೈಲನ್ನು ಡಿಎನ್‌ಜಿ ಮಾಡಿದರೆ ಲೈಟ್‌ರೂಂ 6 ಏನೂ ತಕರಾರಿಲ್ಲದೆ ತೆರೆಯುತ್ತದೆ.

ಇದನ್ನು ಜೆಪೆಗ್ ಮಾಡಿದ ಹಾಗೆ ಅಂದುಕೊಳ್ಳಬೇಡಿ. ಡಿಎನ್‌ಜಿ ಕೂಡ ರಾ. ನಷ್ಟವಿಲ್ಲದ ಆಯ್ಕೆಯಲ್ಲೇ ಬಿಟ್ಟರೆ ಸೆನ್ಸರಿನ ವಿವರ ಹಾಗೇ ಉಳಿಯುತ್ತದೆ. ಬರೀ ಚೀಲ ಬದಲಾಗುತ್ತದೆ, ಅಕ್ಕಿ ಅದೇ.

ಎರಡು ಕಡೆ ಜನ ಎಡವುತ್ತಾರೆ. ಒಂದು, ಕನ್ವರ್ಟರಿನಲ್ಲಿ ಫೋಟೋ ಆರಿಸುವುದಲ್ಲ, ಫೋಲ್ಡರ್ ಆರಿಸಬೇಕು. ಫೋಲ್ಡರಿನ ಒಳಗೆ ಹೊಕ್ಕು ನೋಡಿದರೆ ಖಾಲಿ ಕಾಣುತ್ತದೆ. "ಫೋಟೋನೇ ಇಲ್ವಲ್ಲ" ಎಂದು ಗಾಬರಿಯಾಗಬೇಡಿ, ಹೊರಗೆ ಬಂದು ಫೋಲ್ಡರನ್ನೇ ಆರಿಸಿ. ಎರಡು, ಪ್ರಿಫರೆನ್ಸಸ್ ಒಳಗೆ ಕಂಪ್ಯಾಟಿಬಿಲಿಟಿ ಎಂದಿದೆ. ಅಲ್ಲಿ ಕ್ಯಾಮೆರಾ ರಾ 7.1 ಅಥವಾ ಅದರ ನಂತರದ್ದು ಎಂಬ ಆಯ್ಕೆ ಕೊಟ್ಟರೆ ಲೈಟ್‌ರೂಂ 6ಕ್ಕೆ ಸರಿಹೋಗುತ್ತದೆ. ತೀರಾ ಹೊಸದನ್ನು ಕೊಟ್ಟರೆ ಮತ್ತೆ ಮೊದಲಿನ ಕಥೆ ಆಗಬಹುದು. ಮೂಲ ರಾ ಫೈಲನ್ನೂ ಒಳಗೆ ಸೇರಿಸು ಎಂಬ ಇನ್ನೊಂದು ಆಯ್ಕೆ ಇದೆ. ಅದನ್ನು ಮುಟ್ಟಬೇಡಿ, ಫೈಲ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಡಿಎನ್‌ಜಿ ಮಾಡಿದ ಮೇಲೆ ಸಿಆರ್3 ಅಳಿಸಬಹುದಾ? ನಾನು ಅಳಿಸುವುದಿಲ್ಲ. ಡಿಪಿಪಿ, ಎನ್‌ಎಕ್ಸ್ ಸ್ಟುಡಿಯೋಗಳು ಡಿಎನ್‌ಜಿಯನ್ನು ತೆರೆಯುವುದಿಲ್ಲ. ಡಿಎನ್‌ಜಿಯಿಂದ ವಾಪಸ್ ಸಿಆರ್3ಗೆ ಹೋಗುವ ದಾರಿಯೂ ಇಲ್ಲ. ಆರುನೂರು ಫೋಟೋ ಅಂದರೆ 16-17 ಜಿಬಿ ಆಗುತ್ತದೆ, ಎರಡೂ ಇಟ್ಟರೆ ಅದರ ಎರಡು ಪಟ್ಟು. ಜಾಗದ ಚಿಂತೆ ನಿಜವೇ. ಅದಕ್ಕೆ ನಾನು ಮೊದಲು ಕಣ್ಣು ಮುಚ್ಚಿದ, ಕೈ ಅಲುಗಿದ ಫೋಟೋಗಳನ್ನೆಲ್ಲ ಫಾಸ್ಟ್‌ಸ್ಟೋನ್‌ನಲ್ಲಿ ಆರಿಸಿ ಬಿಸಾಕುತ್ತೇನೆ. ಉಳಿದದ್ದನ್ನು ಮಾತ್ರ ಡಿಎನ್‌ಜಿ ಮಾಡುತ್ತೇನೆ. ಭಾವನ ಆರುನೂರು ಹಾಗೆ ತೊಂಬತ್ತಕ್ಕೆ ಇಳಿಯಿತು.

ತಿಂಗಳ ಬಾಡಿಗೆ ಕಟ್ಟುವುದಾದರೆ

ಈಗಿನ ಲೈಟ್‌ರೂಂ ಚಂದಾದಲ್ಲಿ ಮಾತ್ರ ಸಿಗುತ್ತದೆ. ಹೊಸ ಕ್ಯಾಮೆರಾಗಳ ಬೆಂಬಲ ಬೇಗ ಬರುತ್ತದೆ. ಫೋಟೋದಿಂದ ಸಂಪಾದನೆ ಇರುವವರಿಗೆ, ಅಂದರೆ ಮದುವೆ, ನಾಮಕರಣ ಎಂದು ವಾರಕ್ಕೆ ಸಾವಿರಾರು ಫೋಟೋ ಮುಗಿಸಬೇಕಾದವರಿಗೆ, ಇದು ದುಬಾರಿ ಅಲ್ಲ. 2023ರಲ್ಲಿ ಬಂದ ಎಐ ಡಿನಾಯ್ಸ್ ಒಂದಕ್ಕೇ ಕೊಡಬಹುದು ಅನ್ನಿಸುತ್ತದೆ. ಐಎಸ್‌ಒ 6400ರಲ್ಲಿ ತೆಗೆದ ರಾತ್ರಿಯ ಫೋಟೋದ ಕಾಳುಕಾಳನ್ನು ಅದು ಒರೆಸುವ ರೀತಿ ಬೇರೆಯೇ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಫೋಟೋ ಮುಗಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು.

ಒಂದು ಎಚ್ಚರಿಕೆ. ಚಂದಾ ಇದ್ದೂ ಫೈಲ್ ತೆರೆಯದಿದ್ದರೆ ಸಾಮಾನ್ಯವಾಗಿ ಅಪ್‌ಡೇಟ್ ಆಗಿರುವುದಿಲ್ಲ. ವಿಂಡೋಸ್ ಹಳೆಯದಾದರೆ ಅಪ್‌ಡೇಟ್ ಬರುವುದೂ ಇಲ್ಲ. ಆಗ ಮತ್ತೆ ಡಿಎನ್‌ಜಿಯೇ ಗತಿ. ಆದರೆ ಆ ಕನ್ವರ್ಟರಿನ ಹೊಸ ಆವೃತ್ತಿಗೂ ಹೊಸ ವಿಂಡೋಸ್ ಬೇಕಾಗುತ್ತದೆ. ಹಾಗಾದರೆ ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ಡಿಎನ್‌ಜಿ ಮಾಡಿ ಪೆನ್‌ಡ್ರೈವಿನಲ್ಲಿ ತರುವುದು.

ಕ್ಯಾಪ್ಚರ್ ಒನ್ ಕೂಡ ದುಡ್ಡಿನದೇ. ಚರ್ಮದ ಬಣ್ಣಕ್ಕೆ ಅದನ್ನೇ ಮೆಚ್ಚುವವರು ಇದ್ದಾರೆ. ನಾನು ಹೆಚ್ಚು ಬಳಸಿಲ್ಲ, ಹಾಗಾಗಿ ಮುಂದೆ ಹೋಗುತ್ತೇನೆ.

ಡಾರ್ಕ್‌ಟೇಬಲ್ಲಾ, ರಾಥೆರಪಿಯಾ?

ಎರಡೂ ರಾ ಫೈಲ್ ತಿದ್ದುವ ತಂತ್ರಾಂಶಗಳು. ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತವೆ. ಇವುಗಳ ಜೊತೆ ನಾನು ನಾಲ್ಕು ವರ್ಷದಿಂದ ಗುದ್ದಾಡುತ್ತಿದ್ದೇನೆ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಡಾರ್ಕ್‌ಟೇಬಲ್ಲಿನಲ್ಲಿ ಮೊದಲ ಫೋಟೋ ತೆರೆದವರು ಬಹುಪಾಲು ಬೇಸರಪಡುತ್ತಾರೆ. ಫೋಟೋ ಮಂಕಾಗಿ ಕಾಣುತ್ತದೆ. ಕ್ಯಾಮೆರಾದಲ್ಲಿ ಎಷ್ಟು ಚೆನ್ನಾಗಿತ್ತು, ಇಲ್ಲಿ ಸಪ್ಪೆ. ಫೈಲ್ ಕೆಟ್ಟಿಲ್ಲ. ಕ್ಯಾಮೆರಾ ಹಚ್ಚಿದ ಮೇಕಪ್ಪನ್ನು ಡಾರ್ಕ್‌ಟೇಬಲ್ ಓದುವುದಿಲ್ಲ, ಚೌಕಿಯಲ್ಲಿ ವೇಷ ಕಟ್ಟುವ ಮೊದಲಿನ ಮುಖವನ್ನು ತೋರಿಸುತ್ತದೆ. ಬಣ್ಣ ನೀವು ಹಚ್ಚಬೇಕು. ಮೊದಲು ಎಕ್ಸ್‌ಪೋಷರ್ ಏರಿಸಿ ಮುಖದ ಬೆಳಕು ಸರಿ ಮಾಡಿ. ಆಮೇಲೆ ಸಿಗ್ಮಾಯ್ಡ್‌ನಲ್ಲಿ ಕಾಂಟ್ರಾಸ್ಟ್. ಆಮೇಲೆ ಕಲರ್ ಬ್ಯಾಲೆನ್ಸ್ ಆರ್‌ಜಿಬಿಯಲ್ಲಿ ಬಣ್ಣ. ಕಾಳುಕಾಳಿಗೆ ಡಿನಾಯ್ಸ್ ಪ್ರೊಫೈಲ್ಡ್. ಈ ನಾಲ್ಕನ್ನು ಕಲಿತರೆ ಸಾಕು. ಉಳಿದ ಹತ್ತಾರು ಮಾಡ್ಯೂಲ್‌ಗಳನ್ನು ಒಂದು ವರ್ಷ ಮುಟ್ಟದೇ ಇರಬಹುದು.

ರಾಥೆರಪಿ ಇಲ್ಲಿ ಹೊಸಬರಿಗೆ ಹೆಚ್ಚು ದಯೆ ತೋರುತ್ತದೆ. ಫೈಲಿನ ಹೊಟ್ಟೆಯಲ್ಲಿ ಒಂದು ಜೆಪೆಗ್ ಇರುತ್ತದೆ ಎಂದೆನಲ್ಲ, ಅದನ್ನು ನೋಡಿಕೊಂಡು ಅದರ ಹಾಗೆಯೇ ಬೆಳಕಿನ ಗೆರೆಯನ್ನು ತಾನೇ ಹೊಂದಿಸುವ ಒಂದು ಗುಂಡಿ ಇದೆ. ಆಟೋ ಮ್ಯಾಚ್ಡ್ ಟೋನ್ ಕರ್ವ್ ಎಂದು ಹೆಸರು. ಫೋಟೋ ಮೊದಲ ಕ್ಲಿಕ್ಕಿಗೇ ಕಣ್ಣಿಗೆ ಒಗ್ಗುತ್ತದೆ. ಸಣ್ಣ ಸಣ್ಣ ವಿವರ ಎತ್ತಿ ತೋರಿಸುವುದರಲ್ಲೂ ಗಟ್ಟಿಗ. ಹಕ್ಕಿಯ ಪುಕ್ಕದ ಫೋಟೋಗಳಿಗೆ ನಾನು ಇದನ್ನೇ ತೆರೆಯುತ್ತೇನೆ. ಆದರೆ ಫೋಟೋಗಳ ರಾಶಿಯನ್ನು ಕಾಪಾಡುವ ಕ್ಯಾಟಲಾಗ್ ಇದರಲ್ಲಿ ಇಲ್ಲ. ಮುಖ ಒಂದನ್ನೇ ಬೆಳಗಿಸಿ ಹಿನ್ನೆಲೆ ಕತ್ತಲು ಮಾಡುವ ಕೆಲಸ ಡಾರ್ಕ್‌ಟೇಬಲ್ಲಿನ ಮಾಸ್ಕ್‌ಗಳಲ್ಲಿ ಎಷ್ಟೋ ಸಲೀಸು.

ಹೊಸ ಕ್ಯಾಮೆರಾದವರು ಕೇಳಲೇಬೇಕಾದ ಪ್ರಶ್ನೆ: ನನ್ನ ಮಾದರಿ ಇದಕ್ಕೆ ಗೊತ್ತಾ? ಕ್ಯಾನನ್‌ನ ಸಿಆರ್3 ಬಂದದ್ದು 2018ರಲ್ಲಿ ಎಂದೆ. ಡಾರ್ಕ್‌ಟೇಬಲ್ ಅದನ್ನು ಓದಲು ಕಲಿತದ್ದು 2021ರ ಕೊನೆಯಲ್ಲಿ. ರಾಥೆರಪಿ 2022ರ ಕೊನೆಯಲ್ಲಿ. ಈಗ ಇಷ್ಟು ಕಾಯಬೇಕಾಗಿಲ್ಲ, ಆದರೂ ಡಾರ್ಕ್‌ಟೇಬಲ್ಲಿನ ದೊಡ್ಡ ಆವೃತ್ತಿ ಬರುವುದು ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನ ಹೊತ್ತಿಗೆ. ಕ್ಯಾಮೆರಾ ಮಾರುಕಟ್ಟೆಗೆ ಬಂದ ತಿಂಗಳಲ್ಲೇ ಕೊಂಡರೆ ಅರ್ಧ ವರ್ಷ ತಾಳ್ಮೆ ಬೇಕಾದೀತು. ಇದನ್ನು ಮಾಡುವವರು ಬಿಡುವಿನ ಹೊತ್ತಿನಲ್ಲಿ ಕೂತು ಮಾಡುವವರು, ಸಂಬಳಕ್ಕಲ್ಲ.

ನಿಕಾನ್ ಝಡ್8, ಝಡ್9 ಇರುವವರು ಇನ್ನೊಂದು ಗಮನಿಸಿ. ಅವುಗಳಲ್ಲಿ ಹೈ ಎಫಿಷಿಯೆನ್ಸಿ ಎಂಬ ರಾ ಆಯ್ಕೆ ಇದೆ. ಫೈಲ್ ಸಣ್ಣದಾಗುತ್ತದೆ, ನಿಜ. ಆದರೆ ಅದು ಬೇರೊಂದು ಕಂಪನಿಯಿಂದ ಪರವಾನಗಿ ಪಡೆದ ತಂತ್ರ. ಮುಕ್ತ ತಂತ್ರಾಂಶಗಳಿಗೆ ಅದು ಕಬ್ಬಿಣದ ಕಡಲೆ. ಕ್ಯಾಮೆರಾದಲ್ಲಿ ಲಾಸ್‌ಲೆಸ್ ಕಂಪ್ರೆಷನ್ ಇಟ್ಟರೆ ತೊಂದರೆ ಇಲ್ಲ. ಈಗಾಗಲೇ ತೆಗೆದಿದ್ದರೆ ಅಡೋಬಿಯ ಕನ್ವರ್ಟರಿನಲ್ಲಿ ಡಿಎನ್‌ಜಿ ಮಾಡಿಕೊಂಡು ಡಾರ್ಕ್‌ಟೇಬಲ್ಲಿಗೆ ತನ್ನಿ.

ಒಂದೇ ಫೋಟೋ, ನಾಲ್ಕು ಕಡೆ

ಭಾವ ತೆಗೆದ ಒಂದು ಬಣ್ಣದ ವೇಷದ (ರಾಕ್ಷಸ ಪಾತ್ರದ) ಫೋಟೋವನ್ನು ನಾಲ್ಕರಲ್ಲೂ ತೆರೆದು ನೋಡಿದೆವು. ಮುಖದ ತುಂಬ ಚುಟ್ಟಿ, ಅಂದರೆ ಸಾಲಾಗಿ ಇಟ್ಟ ಬಿಳಿ ಚುಕ್ಕಿಗಳು, ಮೇಲೆ ಕೆಂಪು ಎಲ್‌ಇಡಿ ಬೆಳಕು. ಕ್ಯಾಮೆರಾಗಳಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಕಡಿಮೆ.

ಹೊಟ್ಟೆಯೊಳಗಿನ ಜೆಪೆಗ್‌ನಲ್ಲಿ ಚುಟ್ಟಿಯ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಬರೀ ಬಿಳಿ ಪಟ್ಟಿ ಆಗಿದ್ದವು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಮೇಲಿನ ಮೆಟ್ಟಿಲುಗಳಲ್ಲಿ ಇನ್ನೂ ಏನೋ ಉಳಿದಿರುತ್ತದೆ ಅನ್ನುವ ಆಸೆಯಿಂದಲೇ ಅಲ್ವಾ ನಾವು ರಾ ತೆಗೆಯುವುದು. ಡಿಪಿಪಿಯಲ್ಲಿ ಬೆಳಕು ಇಳಿಸಿದಾಗ ಚುಕ್ಕಿಗಳು ಒಂದೊಂದಾಗಿ ಬಿಡಿಬಿಡಿಯಾದವು. ಬಣ್ಣವೂ ಕಣ್ಣಿಗೆ ಕಂಡದ್ದಕ್ಕೆ ಹತ್ತಿರ. ಡಿಎನ್‌ಜಿ ಮಾಡಿ ಲೈಟ್‌ರೂಂ 6ರಲ್ಲಿ ತೆರೆದಾಗ ವಿವರ ಅಷ್ಟೇ ಬಂತು, ಕೆಂಪು ಸ್ವಲ್ಪ ಕಿತ್ತಳೆ ಕಡೆ ವಾಲಿತು. ರಾಥೆರಪಿಯಲ್ಲಿ ಚುಕ್ಕಿಗಳು ಎಲ್ಲಕ್ಕಿಂತ ಚೂಪು, ಕತ್ತಲಲ್ಲಿ ಕಾಳುಕಾಳೂ ಎಲ್ಲಕ್ಕಿಂತ ಜಾಸ್ತಿ. ಡಾರ್ಕ್‌ಟೇಬಲ್ಲಿನಲ್ಲಿ ಇಪ್ಪತ್ತು ನಿಮಿಷ ಒದ್ದಾಡಿದೆ. ಕೊನೆಗೆ ಬಂದದ್ದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಭಾವನಿಗೆ ಡಿಪಿಪಿಯದೇ ಇಷ್ಟ. "ನನಗೆ ಎರಡು ನಿಮಿಷದಲ್ಲಿ ಆಯ್ತಲ್ಲ" ಅಂದರು. ಅವರ ಮಾತಿಗೆ ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ.

ಬೇಡವೇ ಬೇಡ ಅನ್ನುವ ದಾರಿ

ರಾ ಫೈಲ್ ಅಪ್‌ಲೋಡ್ ಮಾಡಿ, ಜೆಪೆಗ್ ಪಡೆಯಿರಿ ಎನ್ನುವ ಜಾಲತಾಣಗಳು ಬೇಕಾದಷ್ಟಿವೆ. ಒಮ್ಮೆ ಅವಸರದಲ್ಲಿ ಒಂದರಲ್ಲಿ ಮಾಡಿದೆ. ಹೆಸರು ಬೇಡ. ಒಂದೊಂದೂ 25 ಎಂಬಿಗಿಂತ ಹೆಚ್ಚಿನ ಫೈಲ್, ನಮ್ಮೂರಿನ ನೆಟ್ಟಿನಲ್ಲಿ ನಲವತ್ತು ಫೋಟೋ ಏರಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ವಾಪಸ್ ಬಂದದ್ದು ಹೊಟ್ಟೆಯೊಳಗಿನ ಜೆಪೆಗ್, ಅದೂ ಚಿಕ್ಕದು ಮಾಡಿ. ನನ್ನ ಕಂಪ್ಯೂಟರಿನಲ್ಲೇ ಒಂದು ನಿಮಿಷದಲ್ಲಿ ಆಗುವ ಕೆಲಸ. ಮನೆಯ ಮಕ್ಕಳ ಫೋಟೋ ಯಾವುದೋ ಸರ್ವರಿನಲ್ಲಿ ಕೂತಿದೆ ಅನ್ನುವ ಕಿರಿಕಿರಿ ಬೇರೆ.

ಕೊನೆಗೆ ಯಾವ ರೂಪದಲ್ಲಿ ಉಳಿಸುವುದು? ನೋಡಲು, ಕಳಿಸಲು, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಲು ಜೆಪೆಗ್, ಗುಣಮಟ್ಟ 90ರ ಆಸುಪಾಸು, ಬಣ್ಣ ಎಸ್‌ಆರ್‌ಜಿಬಿ. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿ ಕಳಿಸಿದರೆ ಎಷ್ಟೋ ಕಡೆ ಬಣ್ಣ ಸಪ್ಪೆಯಾಗಿ ಕಾಣುತ್ತದೆ. ಇನ್ನೊಂದು ತಂತ್ರಾಂಶದಲ್ಲಿ ಮುಂದುವರಿಸುವುದಿದ್ದರೆ ಮಾತ್ರ 16 ಬಿಟ್ ಟಿಫ್. ಅದು ಒಂದೊಂದೂ 140 ಎಂಬಿ ದಾಟುತ್ತದೆ, ಆರುನೂರಕ್ಕೂ ಮಾಡಲು ಹೋಗಬೇಡಿ.

ಕ್ಯಾಮೆರಾ ಇನ್ನೂ ಕೊಂಡಿಲ್ಲ, ಕೊಳ್ಳುವ ಯೋಚನೆಯಲ್ಲಿದ್ದೀರಿ ಅಂದರೆ ಸುಲಭ. ಡಿಪಿರಿವ್ಯೂನಂಥ ವಿಮರ್ಶೆಯ ತಾಣಗಳಲ್ಲಿ ಆ ಮಾದರಿಯ ರಾ ಫೈಲುಗಳನ್ನೇ ಇಳಿಸಿಕೊಳ್ಳಲು ಕೊಡುತ್ತಾರೆ. ಒಂದನ್ನು ತಂದು ನಿಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯಿತಾ, ಎಷ್ಟು ಹೊತ್ತು ಹಿಡಿಯಿತು, ಫ್ಯಾನು ಕಿರುಚಿತಾ ಎಂದು ಅಂಗಡಿಗೆ ಹೋಗುವ ಮೊದಲೇ ಗೊತ್ತಾಗುತ್ತದೆ. ಕೊಂಡ ಮೇಲೆ ಮೊದಲ ಒಂದು ತಿಂಗಳು ರಾ ಜೊತೆಗೆ ಜೆಪೆಗ್ ಕೂಡ ಉಳಿಯುವ ಹಾಗೆ ಸೆಟ್ಟಿಂಗ್ ಇಡಿ. ಭಾವ ಈಗ ಹಾಗೇ ಇಟ್ಟಿದ್ದಾರೆ. ಆಟ ಮುಗಿಯುವ ಮೊದಲೇ ವೇಷಧಾರಿಗಳ ಫೋನಿಗೆ ಅವರ ಫೋಟೋ ಹೋಗಿರುತ್ತದೆ, ರಾ ಫೈಲ್ ಭಾನುವಾರದವರೆಗೆ ಕಾರ್ಡಿನಲ್ಲಿ ಮಲಗಿರುತ್ತದೆ.